ಅರ್ಧ ಟಿವಿಯೂ ಟಿವಿಯೇ? ಚೆನ್ನೈ ಬಂದರಿನಲ್ಲಿ ನನ್ನ ಮಾಲು ನಿಂತ ಇಪ್ಪತ್ತನಾಲ್ಕು ದಿನ

ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ಹತ್ತೊಂಬತ್ತು ವರ್ಷಗಳಿಂದ ಅದೇ ಮೇಜು, ಅದೇ ಬೆಸುಗೆ ಕಡ್ಡಿ. ಡಬ್ಬಿ ಟಿವಿಗಳ ಕಾಲದಲ್ಲಿ ಏನು ಕೆಟ್ಟರೂ ಸರಿಮಾಡಿ ಕಳಿಸುತ್ತಿದ್ದೆ. ಎಲ್‌ಇಡಿ ಬಂದ ಮೇಲೆ ದಿನಕ್ಕೆ ಒಬ್ಬರಾದರೂ ಒಡೆದ ಪರದೆ ಹೊತ್ತು ತರುತ್ತಾರೆ. ಪರದೆಯ ಬೆಲೆ ಹೇಳಿದರೆ ಹೊಸ ಟಿವಿಗೇ ಅಷ್ಟಾಗುತ್ತದಲ್ಲ ಎಂದು ಅಂಗಡಿಯಲ್ಲೇ ಬಿಟ್ಟುಹೋಗುತ್ತಾರೆ. ಹಾಗೆ ಬಿಟ್ಟುಹೋದ ಸೆಟ್‌ಗಳ ರಾಶಿ ನೋಡುತ್ತಲೇ ನಾವೇ ಯಾಕೆ ಜೋಡಿಸಬಾರದು ಎಂಬ ಯೋಚನೆ ಹುಟ್ಟಿತು.

2025ರ ಮಾರ್ಚ್‌ನಲ್ಲಿ, ಮುಂಡರಗಿ ಕೈಗಾರಿಕಾ ಪ್ರದೇಶದ ಹತ್ತಿರ ಸಣ್ಣ ಶೆಡ್ ಬಾಡಿಗೆಗೆ ಹಿಡಿದೆ. ಆಗಸ್ಟ್‌ನಲ್ಲಿ ಮೊದಲ ಮಾಲು ಕೈಸೇರಿತು. ನಡುವಿನ ಐದು ತಿಂಗಳು ಕಲಿಸಿದ್ದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಅರ್ಧ ಹಣ, ಅರ್ಧ ನಿದ್ದೆ ಉಳಿಯುತ್ತಿತ್ತು. ರಾಯಚೂರು, ಕೊಪ್ಪಳದ ಕಡೆಯ ಇಬ್ಬರು ಮೆಕ್ಯಾನಿಕ್ ಗೆಳೆಯರು ಇದೇ ದಾರಿ ಹಿಡಿಯಲು ಹೊರಟಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಲಿನ ಬಗ್ಗೆ ಹೇಳಬೇಕು. ಎಲ್‌ಇಡಿ ಟಿವಿಯ ಜೀವ ಇರುವುದು ‘ಓಪನ್ ಸೆಲ್’ ಎಂಬ ಗಾಜಿನಲ್ಲಿ. ಎರಡು ತೆಳು ಗಾಜುಗಳ ನಡುವೆ ದ್ರವ ಸ್ಫಟಿಕ, ಅಂಚಿಗೆ ಅಂಟಿದ ಚಿಕ್ಕ ಸರ್ಕೀಟು, ಇಷ್ಟೇ. ಅದಕ್ಕೆ ಸ್ವಂತ ಬೆಳಕಿಲ್ಲ. ಹಿಂದೆ ದೀಪದ ಪಟ್ಟಿ, ಬೆಳಕು ಹರಡುವ ಹಾಳೆಗಳು, ತಗಡಿನ ಬೆನ್ನು ಕೂಡಿದಾಗ ಅದು ಪ್ಯಾನೆಲ್. ಅದರ ಮೇಲೆ ಮುಖ್ಯ ಬೋರ್ಡು, ಸ್ಪೀಕರ್, ಕವಚ ಸೇರಿದರೆ ಟಿವಿ. ಹೊರಗಿನಿಂದ ನೋಡುವವರಿಗೆ ಇವೆಲ್ಲ ಒಂದೇ. ಸುಂಕದ ಪುಸ್ತಕದಲ್ಲಿ ಮಾತ್ರ ಒಂದೊಂದು ಮೆಟ್ಟಿಲಿಗೂ ಒಂದೊಂದು ದರ.

ಆ ದರಗಳು ನನ್ನ ಕಣ್ಣೆದುರೇ ಬದಲಾದವು. 2017ರ ಡಿಸೆಂಬರ್‌ನಲ್ಲಿ ಸಿದ್ಧ ಎಲ್‌ಇಡಿ ಟಿವಿಯ ಆಮದು ಸುಂಕ ಶೇ 20ಕ್ಕೆ ಏರಿತು. ಓಪನ್ ಸೆಲ್ ಮೇಲಿದ್ದ ಶೇ 5ರ ಸುಂಕವನ್ನು 2019ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಮಟ್ಟಿಗೆ ತೆಗೆದು, 2020ರ ಅಕ್ಟೋಬರ್ 1ರಿಂದ ಮತ್ತೆ ಹಾಕಿದರು. ಅದೇ 2020ರ ಜುಲೈ 30ರಂದು ಡಿಜಿಎಫ್‌ಟಿ, ಅಂದರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಸಿದ್ಧ ಬಣ್ಣದ ಟಿವಿಗಳನ್ನು ‘ನಿರ್ಬಂಧಿತ’ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ಅವನ್ನು ತರಿಸುವಂತಿಲ್ಲ. 2025ರ ಬಜೆಟ್‌ನಲ್ಲಿ ಓಪನ್ ಸೆಲ್ ತಯಾರಿಸಲು ಬೇಕಾದ ಬಿಡಿಭಾಗಗಳ ಸುಂಕವನ್ನೂ ತೆಗೆದುಹಾಕಿದರು. ಬಿಡಿಯಾಗಿ ತಂದು ಇಲ್ಲೇ ಜೋಡಿಸಿ ಎಂಬುದು ಇದೆಲ್ಲದರ ಸಾರ. ನನಗೆ ಧೈರ್ಯ ಬಂದದ್ದೂ ಅದರಿಂದಲೇ.

ಏಪ್ರಿಲ್‌ನಲ್ಲಿ ಕಾಗದದ ಕೆಲಸ ಶುರುಮಾಡಿದೆ. ಆಮದು-ರಫ್ತು ಸಂಕೇತ, ಅಂದರೆ ಐಇಸಿ, ಆನ್‌ಲೈನ್‌ನಲ್ಲಿ 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ. ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ನನಗೆ ಅದೇ ದಿನ ಬಂತು, ಇಷ್ಟು ಸುಲಭವೇ ಎಂದು ಹಿಗ್ಗಿದೆ. ನೆನಪಿಡಿ: ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರಗಳನ್ನು ಮತ್ತೆ ದೃಢಪಡಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ಮರೆತರೆ ಸಂಕೇತ ನಿಷ್ಕ್ರಿಯವಾಗುತ್ತದೆ.

ಬ್ಯಾಂಕಿನಲ್ಲಿ ಆ ಹಿಗ್ಗು ಇಳಿಯಿತು. ಬಂದರಿನಲ್ಲಿ ಮಾಲು ಬಿಡಿಸಲು ಬ್ಯಾಂಕಿನ ‘ಎಡಿ ಕೋಡ್’ ಪತ್ರ, ಅಂದರೆ ವಿದೇಶಿ ವಿನಿಮಯ ನಡೆಸುವ ಶಾಖೆಯ ಸಂಕೇತವಿರುವ ಪತ್ರ ಬೇಕು, ಅದನ್ನು ಕಸ್ಟಮ್ಸ್‌ನ ಐಸ್‌ಗೇಟ್ ಜಾಲತಾಣದಲ್ಲಿ ನೋಂದಾಯಿಸಬೇಕು. ನಾನು ಖಾತೆ ಇಟ್ಟಿರುವ ಶಾಖೆಯಲ್ಲಿ ವಿದೇಶಿ ವಿನಿಮಯದ ಕೆಲಸ ಮಾಡುವವರೇ ಇರಲಿಲ್ಲ. ಅರ್ಜಿ ಬೆಂಗಳೂರಿಗೆ ಹೋಯಿತು, ವಾಪಸು ಬಂತು. ಐಇಸಿಯಲ್ಲಿ ಅಂಗಡಿಯ ಹೆಸರು ‘ಎಲೆಕ್ಟ್ರಾನಿಕ್ಸ್’, ಖಾತೆಯಲ್ಲಿ ‘ಎಲೆಕ್ಟ್ರಾನಿಕ್’. ಒಂದು ಒತ್ತಕ್ಷರಕ್ಕೆ ಇಪ್ಪತ್ಮೂರು ದಿನ ಹೋಯಿತು. ಪ್ಯಾನ್, ಜಿಎಸ್‌ಟಿ, ಬ್ಯಾಂಕ್, ಐಇಸಿ ಈ ನಾಲ್ಕರಲ್ಲಿಯೂ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಜೀನ್ಸ್ ಘಟಕ ನಡೆಸುವ ಗೆಳೆಯನೊಬ್ಬ ಹಿಂದೆ ಹೊಲಿಗೆ ಯಂತ್ರ ತರಿಸಿದ್ದ. ‘ಹಣ ಕಳಿಸು, ಏಜೆಂಟರನ್ನು ಹಿಡಿ, ಮಾಲು ಬರುತ್ತದೆ’ ಎಂದಿದ್ದ. ಅವನ ಮಟ್ಟಿಗೆ ಅದು ನಿಜ. ಹೊಲಿಗೆ ಯಂತ್ರ ಬಂದರಿಗೆ ಬರುವಾಗಲೇ ಹೊಲಿಗೆ ಯಂತ್ರ. ನನ್ನ ಮಾಲು ಏನು ಎಂಬುದೇ ಮುಂದೆ ಪ್ರಶ್ನೆಯಾಯಿತು.

ಅವನ ಮೂಲಕವೇ ಚೆನ್ನೈನ ಕಸ್ಟಮ್ಸ್ ಏಜೆಂಟರೊಬ್ಬರು ಸಿಕ್ಕರು. ಅವರು ಆರಂಭದಲ್ಲೇ ಎರಡು ಎಚ್ಚರಿಕೆ ಕೊಟ್ಟರು. ವೈಫೈ ಇರುವ ಸ್ಮಾರ್ಟ್ ಬೋರ್ಡು ತರಿಸಿದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಬೇಕು, ಮೊದಲ ಸಲ ಸಾದಾ ಬೋರ್ಡು ತರಿಸಿ ಎಂದರು. ತರಿಸಿದೆ. ಇನ್ನೊಂದು, ಓಪನ್ ಸೆಲ್‌ನ ರಿಯಾಯಿತಿ ದರ ‘ತಯಾರಿಕೆಯಲ್ಲಿ ಬಳಸಲು’ ಎಂಬ ಮಾತಿಗೆ ಅಂಟಿಕೊಂಡಿದೆ. ಆದ್ದರಿಂದ ರಿಯಾಯಿತಿ ಸುಂಕದ 2022ರ ನಿಯಮಗಳಂತೆ ಮೊದಲೇ ಮಾಹಿತಿ ಸಲ್ಲಿಸಿ, ಬಾಂಡ್ ಬರೆದುಕೊಟ್ಟು, ಗುರುತಿನ ಸಂಖ್ಯೆ ಪಡೆಯಿರಿ ಎಂದರು. ಅದನ್ನೂ ಮಾಡಿದೆ. ಆಮೇಲೆ ಪ್ರತಿ ತಿಂಗಳ 10ರೊಳಗೆ ಎಷ್ಟು ತಂದೆ, ಎಷ್ಟು ಬಳಸಿದೆ ಎಂಬ ಲೆಕ್ಕ ಒಪ್ಪಿಸಬೇಕು.

32 ಇಂಚಿನ 200 ಓಪನ್ ಸೆಲ್, 200 ಮುಖ್ಯ ಬೋರ್ಡು. ಸಾಗಣೆ, ವಿಮೆ ಸೇರಿ ಎಂಟು ಲಕ್ಷ ರೂಪಾಯಿ. ಅದರಲ್ಲಿ ಗಾಜಿನದೇ 6,40,000. ಹೆಂಡತಿಯ ಬಳೆ, ನನ್ನ ಪಾಲಿನ ಒಂದು ತುಂಡು ಹೊಲದ ಮೇಲಿನ ಸಾಲ, ಎರಡು ಚೀಟಿಯ ಹಣ ಎಲ್ಲವೂ ಆ ಎಂಟು ಲಕ್ಷದೊಳಗಿತ್ತು. ಶೇ 30 ಮುಂಗಡ, ಉಳಿದದ್ದು ಹಡಗಿನ ಬಿಲ್ಲಿನ (ಮಾಲು ಹಡಗಿಗೇರಿದ ರಸೀದಿಯ) ಪ್ರತಿ ಬಂದ ಮೇಲೆ. ದೀಪದ ಪಟ್ಟಿ, ಹಾಳೆ, ತಗಡು, ಕವಚ, ಸ್ಪೀಕರ್‌ಗಳನ್ನು ನಮ್ಮ ದೇಶದ ತಯಾರಕರಿಂದಲೇ ಕೊಳ್ಳಲು ಆರ್ಡರ್ ಕೊಟ್ಟಿದ್ದೆ. ಆ ಆರ್ಡರ್‌ಗಳ ಪ್ರತಿ ಮುಂದೆ ನನ್ನನ್ನು ಕಾಪಾಡುತ್ತದೆಂದು ಆಗ ಗೊತ್ತಿರಲಿಲ್ಲ.

ಜೂನ್ 18ರಂದು ಚೀನಾದ ಶೆನ್‌ಜೆನ್‌ನಿಂದ ಹೊರಟ ಹಡಗು ಜುಲೈ 9ರಂದು ಚೆನ್ನೈ ತಲುಪಿತು. ಆಷಾಢದಲ್ಲಿ ಹೊಸ ಕೆಲಸ ಬೇಡ ಎಂದು ಅಮ್ಮ ಗೊಣಗುತ್ತಿದ್ದರು. ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಮಾಲಿನ ವಿವರಪತ್ರ, ಸಲ್ಲಿಸಲೇಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ. ಏಜೆಂಟರು 7ರಂದೇ ಸಲ್ಲಿಸಿದ್ದರಿಂದ ಆ ಹೊಡೆತ ತಪ್ಪಿತು.

ಜುಲೈ 11ರ ಶುಕ್ರವಾರ ಸಂಜೆ ಏಜೆಂಟರಿಂದ ಫೋನ್ ಬಂತು. ‘ಪ್ರಶ್ನೆ ಹಾಕಿದ್ದಾರೆ. ನಿಮ್ಮ ಮಾಲನ್ನು ಪೂರ್ಣ ಟಿವಿ ಎಂದು ಏಕೆ ಪರಿಗಣಿಸಬಾರದು ಎಂದು ಕೇಳಿದ್ದಾರೆ.’

ನನಗೆ ಅರ್ಥವೇ ಆಗಲಿಲ್ಲ. ಬೆಳಕಿಲ್ಲದ ಗಾಜು, ಪೆಟ್ಟಿಗೆಯಲ್ಲಿ ಬಿದ್ದಿರುವ ಬೋರ್ಡು ಟಿವಿ ಹೇಗಾಗುತ್ತದೆ? ಅವರು ನಿಧಾನವಾಗಿ ವಿವರಿಸಿದರು. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯನ್ನು ಓದಲು ಕೆಲವು ಸಾಮಾನ್ಯ ನಿಯಮಗಳಿವೆ. ಅವುಗಳಲ್ಲಿ ನಿಯಮ 2(ಎ) ಹೇಳುವುದು ಇದು: ಅಪೂರ್ಣ ಅಥವಾ ಅರೆಸಿದ್ಧ ವಸ್ತುವಿಗೆ ಪೂರ್ಣ ವಸ್ತುವಿನ ಮೂಲ ಲಕ್ಷಣ ಬಂದಿದ್ದರೆ ಅದನ್ನು ಪೂರ್ಣ ವಸ್ತುವೆಂದೇ ಎಣಿಸಬೇಕು, ಪೂರ್ಣ ವಸ್ತುವನ್ನು ಬಿಡಿಬಿಡಿಯಾಗಿ ತಂದರೂ ಹಾಗೆಯೇ. ನಾವು ಮಾಲು ತೋರಿಸಿದ್ದು ಸುಂಕದ ಪುಸ್ತಕದ ಬಿಡಿಭಾಗಗಳ ಶೀರ್ಷಿಕೆಯಲ್ಲಿ. ಅಧಿಕಾರಿಯ ಪ್ರಶ್ನೆ ಅದನ್ನು 8528ಕ್ಕೆ, ಅಂದರೆ ಟಿವಿಯ ಶೀರ್ಷಿಕೆಗೆ ಎಳೆಯುತ್ತಿತ್ತು.

ಅದರ ಭಾರ ಎಷ್ಟೆಂದು ನೂರು ರೂಪಾಯಿಯ ಲೆಕ್ಕದಲ್ಲಿ ಹೇಳುತ್ತೇನೆ. ನೂರು ರೂಪಾಯಿಯ ಓಪನ್ ಸೆಲ್‌ಗೆ ಸುಂಕ 5 ರೂಪಾಯಿ. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆ, ಅಂದರೆ 50 ಪೈಸೆ. ಹೀಗೆ ಆದ 105.50ರ ಮೇಲೆ ಶೇ 18 ಐಜಿಎಸ್‌ಟಿ (ಆಮದು ಮಾಲಿನ ಜಿಎಸ್‌ಟಿ) 18.99. ಒಟ್ಟು 24.49. ಅದನ್ನೇ ಟಿವಿ ಎಂದರೆ 20 ರೂಪಾಯಿ ಸುಂಕ, 2 ರೂಪಾಯಿ ಮೇಲ್ತೆರಿಗೆ, 21.96 ಐಜಿಎಸ್‌ಟಿ, ಒಟ್ಟು 43.96. ನನ್ನ ಎಂಟು ಲಕ್ಷದ ಮಾಲಿಗೆ ಟಿವಿಯ ದರ ಬಿದ್ದರೆ 3,51,680 ರೂಪಾಯಿ ಕಟ್ಟಬೇಕು. ಹಣವನ್ನಾದರೂ ಹೇಗೋ ಹೊಂದಿಸಬಹುದಿತ್ತು. ಆದರೆ ಟಿವಿ ನಿರ್ಬಂಧಿತ ವಸ್ತು, ನನ್ನ ಬಳಿ ಪರವಾನಗಿ ಇಲ್ಲ. ಅಂದರೆ ಜಪ್ತಿ, ಬಿಡಿಸಿಕೊಳ್ಳಲು ದಂಡ. ಬಾಯಿ ಒಣಗಿತು. ಮನೆಯಲ್ಲಿ ಆ ರಾತ್ರಿ ಯಾರಿಗೂ ಹೇಳಲಿಲ್ಲ.

ಅಧಿಕಾರಿಗೆ ಅನುಮಾನ ಬಂದದ್ದಾದರೂ ಏಕೆ? ಮೂರು ದಿನ ಕಾಗದ ತಿರುವಿ ಹಾಕಿದ ಮೇಲೆ ಸಿಕ್ಕಿತು. ಇನ್‌ವಾಯ್ಸ್‌ನಲ್ಲಿ ಗಾಜು, ಬೋರ್ಡು ಬೇರೆ ಬೇರೆ ಸಾಲಿನಲ್ಲಿ ಸರಿಯಾಗಿಯೇ ಇದ್ದವು. ಪೆಟ್ಟಿಗೆಗಳ ಪಟ್ಟಿಯಲ್ಲಿ ಮಾತ್ರ ಮಾರಾಟಗಾರರು ತಮ್ಮ ರೂಢಿಯಂತೆ ‘32 ಇಂಚು ಟಿವಿ ಎಸ್‌ಕೆಡಿ ಕಿಟ್, 200 ಸೆಟ್’ ಎಂದು ಬರೆದಿದ್ದರು. ಎಸ್‌ಕೆಡಿ ಎಂದರೆ ಅರೆ ಬಿಡಿಸಿದ ಪೂರ್ಣ ವಸ್ತು. ನಮ್ಮ ರಿಪೇರಿ ಕಸುಬಿನಲ್ಲಿ ಈ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತೇವೆ. ಗಾಜು 200, ಬೋರ್ಡು 200, ಮೇಲೆ ‘ಕಿಟ್’ ಎಂಬ ಪದ. ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಕೈಮುಗಿದು ಹೇಳುತ್ತೇನೆ: ಮಾಲು ಹೊರಡುವ ಮೊದಲು ಇನ್‌ವಾಯ್ಸ್, ಪೆಟ್ಟಿಗೆಗಳ ಪಟ್ಟಿ, ಪೆಟ್ಟಿಗೆಯ ಮೇಲಿನ ಚೀಟಿಯ ಫೋಟೊ ಮೂರನ್ನೂ ತರಿಸಿ ಓದಿ. ಪೆಟ್ಟಿಗೆಯಲ್ಲಿ ನಿಜವಾಗಿ ಇರುವುದರ ಹೆಸರು ಮಾತ್ರ ಅಲ್ಲಿರಬೇಕು.

ಜುಲೈ 14ರಂದು ಕಳಿಸಿದ ಮೊದಲ ಉತ್ತರ ನಾಲ್ಕೇ ಸಾಲಿನದು. ‘ಇವು ಬಿಡಿಭಾಗಗಳು, ಟಿವಿಯಲ್ಲ’ ಎಂದಷ್ಟೇ ಬರೆದಿದ್ದೆವು. ಈಗ ತೆರಿಗೆ ನಿರ್ಧರಿಸುವ ಅಧಿಕಾರಿ ನಮ್ಮ ಬಂದರಿನವರೇ ಆಗಿರಬೇಕೆಂದಿಲ್ಲ. 2020ರಿಂದ ಬಂದಿರುವ ಮುಖಾಮುಖಿಯಿಲ್ಲದ ವ್ಯವಸ್ಥೆಯಲ್ಲಿ ಅವರು ಬೇರಾವುದೋ ಊರಿನಲ್ಲಿ ಕುಳಿತು ಪರದೆಯ ಮೇಲೆ ಬಿಲ್ ನೋಡುತ್ತಾರೆ. ಎದುರು ನಿಂತು ಕೈಯಾಡಿಸಿ ವಿವರಿಸಲು ಆಗುವುದಿಲ್ಲ, ಬರೆದದ್ದಷ್ಟೇ ನಮ್ಮ ಮಾತು. 17ರಂದು ಎರಡನೇ ಪ್ರಶ್ನೆ ಬಂತು: ಆಧಾರ ಕೊಡಿ.

ಆ ಎರಡನೇ ಉತ್ತರಕ್ಕೆ ನಾನು, ಏಜೆಂಟರು ಎರಡು ದಿನ ಕೂತೆವು. ಪ್ರಶ್ನೆ ಬಂದಾಗ ಕಳಿಸಬೇಕಾದ ಉತ್ತರ ಇಂಥದ್ದು. ಟಿವಿಗೆ ಏನೇನು ಬೇಕು ಎಂಬ ಪೂರ್ಣ ಪಟ್ಟಿ ಮಾಡಿದೆವು. ಪ್ರತಿಯೊಂದರ ಎದುರು ಈ ಮಾಲಿನಲ್ಲಿ ಇದೆಯೇ ಇಲ್ಲವೇ, ಇಲ್ಲದಿದ್ದರೆ ಎಲ್ಲಿಂದ ಕೊಳ್ಳುತ್ತೇನೆ ಎಂದು ಬರೆದೆವು. ದೀಪದ ಪಟ್ಟಿ, ಪ್ರತಿಫಲಿಸುವ ಹಾಳೆ, ಬೆಳಕು ಹರಡುವ ತಟ್ಟೆ, ತಗಡು, ಕವಚ, ಸ್ಪೀಕರ್, ರಿಮೋಟ್, ಕಾಲು ಎಲ್ಲದರ ಸ್ವದೇಶಿ ಖರೀದಿ ಆದೇಶ ಲಗತ್ತಿಸಿದೆವು. ಶೆಡ್‌ನ ಫೋಟೊಗಳನ್ನೂ ಹಾಕಿದೆವು. ಬಳ್ಳಾರಿಯ ಕೆಂಧೂಳು ನಿಮಗೆ ಗೊತ್ತಿದೆ. ಗಾಜಿಗೂ ಹಾಳೆಗೂ ನಡುವೆ ಒಂದು ಕಣ ಸೇರಿದರೆ ಪರದೆಯ ಮೇಲೆ ಶಾಶ್ವತ ಚುಕ್ಕೆ. ಅದಕ್ಕೆಂದೇ ಶೆಡ್ಡಿನೊಳಗೆ ಗಾಳಿ ಸೋಸುವ ಯಂತ್ರವಿಟ್ಟು ಗಾಜಿನ ಕೋಣೆ ಕಟ್ಟಿಸಿದ್ದೆ. ನಾಲ್ಕು ಸ್ಕ್ರೂ ತಿರುಗಿಸಿ ಮುಗಿಸುವ ಕೆಲಸ ಇದಲ್ಲ ಎಂಬುದಕ್ಕೆ ಆ ಕೋಣೆಯೇ ಸಾಕ್ಷಿಯಾಯಿತು.

ಏಜೆಂಟರು ಸುಪ್ರೀಂ ಕೋರ್ಟಿನ ತೀರ್ಪೊಂದನ್ನೂ ಉಲ್ಲೇಖಿಸಿದರು. ಸೋನಿ ಇಂಡಿಯಾ 1990ರ ದಶಕದಲ್ಲಿ ಬಣ್ಣದ ಟಿವಿಯ ಭಾಗಗಳನ್ನು 94 ಕಂತುಗಳಲ್ಲಿ ತರಿಸಿತ್ತು. ಇಲಾಖೆ ಅವೆಲ್ಲವನ್ನೂ ಒಟ್ಟುಗೂಡಿಸಿ ಪೂರ್ಣ ಟಿವಿ ಎಂದು ಎಣಿಸಿತು. 2008ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ನನ್ನ ಭಾಗಗಳೆಲ್ಲ ಒಂದೇ ಕಂತಿನಲ್ಲಿ ಬಂದಿದ್ದವು, ಆದ್ದರಿಂದ ಆ ತೀರ್ಪು ನನಗೆ ಹಾಗೆಹಾಗೆಯೇ ಹೊಂದುವುದಿಲ್ಲ. ಆದರೆ ಭಾಗಗಳಿಂದ ಟಿವಿ ಮಾಡಲು ಎಂಥ ಕೆಲಸ ಬೇಕು ಎಂಬುದನ್ನು ನೋಡಬೇಕೆನ್ನುವ ವಾದಕ್ಕೆ ಅದರಿಂದ ಬಲ ಬಂತು. ಇದನ್ನು ಓದಿ ಯಾರೂ ಪೂರ್ಣ ಕಿಟ್ ತರಿಸಿ, ಬೇರೆ ಬೇರೆ ಹೆಸರಿನಲ್ಲಿ ಒಡೆದು ತೋರಿಸುವ ಯೋಚನೆ ಮಾಡಬೇಡಿ. ಅದು ವಂಚನೆ. ಅಂಥವರಿಂದಲೇ ನಮ್ಮಂಥವರ ಪೆಟ್ಟಿಗೆಗಳ ಮೇಲೂ ಅನುಮಾನ ಬೀಳುತ್ತದೆ.

ಜುಲೈ 22ರಂದು ಆದೇಶ ಬಂತು: ಮಾಲನ್ನು ತೆರೆದು ಪರೀಕ್ಷಿಸಿ, ಚಾರ್ಟರ್ಡ್ ಎಂಜಿನಿಯರ್ ವರದಿ ತನ್ನಿ. 24ರಂದು ಭೀಮನ ಅಮಾವಾಸ್ಯೆ. ಹೆಂಡತಿ ಬೆಳಗ್ಗೆಯೇ ಪೂಜೆ ಮುಗಿಸಿ, ಕೈಗೆ ದಾರ ಕಟ್ಟಿಸಿಕೊಂಡು, ಬುತ್ತಿ ಕಟ್ಟಿಕೊಟ್ಟಳು. ಸಂಜೆ ಗುಂತಕಲ್ಲಿಗೆ ಹೋಗಿ ಅಲ್ಲಿಂದ ಚೆನ್ನೈ ರೈಲು ಹಿಡಿದೆ. ಶ್ರಾವಣದ ಮೊದಲ ಶುಕ್ರವಾರ ಬೆಳಗ್ಗೆ ಕಂಟೇನರ್ ಗೋದಾಮಿನ ಬಾಗಿಲಲ್ಲಿ ನಿಂತಿದ್ದೆ. ಬಿಸಿಲು ನಮ್ಮ ಬಳ್ಳಾರಿಯದಕ್ಕಿಂತ ಕಡಿಮೆಯೇ, ಆದರೆ ಬೆವರು ಆರುವುದೇ ಇಲ್ಲ.

ಪರೀಕ್ಷೆಗೆ ಬಂದ ಅಧಿಕಾರಿ ಮಧ್ಯವಯಸ್ಸಿನವರು, ಮಿತಭಾಷಿ. ಒಂದು ಪೆಟ್ಟಿಗೆ ತೆರೆಸಿ ಗಾಜನ್ನು ನೋಡಿದರು. ‘ಇದಕ್ಕೆ ಬೋರ್ಡು ಸಿಕ್ಕಿಸಿದರೆ ಚಿತ್ರ ಬರುತ್ತದೆಯೇ?’ ಎಂದು ಕೇಳಿದರು. ಎಂಜಿನಿಯರ್ ನನ್ನತ್ತ ನೋಡಿದರು. ನಾನು ತಂದಿದ್ದ ಕೇಬಲ್ ಜೋಡಿಸಿ, ಬೋರ್ಡಿಗೆ ವಿದ್ಯುತ್ ಕೊಟ್ಟೆ. ಗಾಜು ಕಪ್ಪಾಗಿಯೇ ಇತ್ತು. ‘ಕೆಟ್ಟಿದೆಯೇ?’ ಎಂದರು. ಮೊಬೈಲ್‌ನ ಟಾರ್ಚ್ ಹೊತ್ತಿಸಿ ಗಾಜಿನ ಹಿಂದೆ ಹಿಡಿದೆ. ಅಂಗೈಯಗಲದ ಬೆಳಕಿನಲ್ಲಿ ಬೋರ್ಡಿನ ಆರಂಭದ ಚಿತ್ರದ ಒಂದು ತುಣುಕು ಮಸುಕಾಗಿ ಕಂಡಿತು. ಟಾರ್ಚ್ ಸರಿಸಿದರೆ ಅದೂ ಹೋಯಿತು. ಅವರು ಅದನ್ನು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಆಮೇಲೆ ಏನೂ ಮಾತಾಡದೆ ಎಂಜಿನಿಯರ್‌ಗೆ, ಇದನ್ನು ಫೋಟೊ ಸಮೇತ ವರದಿಯಲ್ಲಿ ಬರೆಯಿರಿ ಎಂದರು. ನನ್ನ ಕೈ ನಡುಗುತ್ತಿತ್ತು.

28ರಂದು ವರದಿ ಹೋಯಿತು. 30ರಂದು ಬಿಡಿಭಾಗಗಳ ಶೀರ್ಷಿಕೆಯನ್ನೇ ಒಪ್ಪಿ ಸುಂಕ ನಿರ್ಧರಿಸಿದರು. ಬೋರ್ಡುಗಳಿಗೆ ಗಾಜಿಗಿಂತ ಹೆಚ್ಚಿನ ದರ ಬಿದ್ದದ್ದೂ ಸೇರಿ ಒಟ್ಟು 2,16,688 ರೂಪಾಯಿ. ಅದರಲ್ಲಿ ಐಜಿಎಸ್‌ಟಿಯ 1,55,088 ಮುಂದೆ ನನ್ನ ಜಿಎಸ್‌ಟಿ ಲೆಕ್ಕದಲ್ಲಿ ಜಮೆಯಾಗುತ್ತದೆ. ಆದರೆ ಆ ದಿನ ಅಷ್ಟೂ ಹಣ ಕೈಯಲ್ಲಿರಬೇಕು. ಕಟ್ಟಲು ಒಂದೇ ದಿನದ ಗಡುವು, ತಪ್ಪಿದರೆ ಬಡ್ಡಿ. 31ರಂದು ಕಟ್ಟಿದೆ, ಆಗಸ್ಟ್ 2ರಂದು ಮಾಲು ಹೊರಬಂತು.

ಸುಂಕವಲ್ಲದೆ ಆದ ಖರ್ಚನ್ನೂ ಹೇಳಿಬಿಡುತ್ತೇನೆ, ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಗೋದಾಮಿನ ಬಾಡಿಗೆ ಮತ್ತು ಹಮಾಲಿ 41,300. ಏಜೆಂಟರಿಗೆ 18,000. ಎಂಜಿನಿಯರ್‌ಗೆ 9,000. ಓಡಾಟಕ್ಕೆ 11,500. ಬಳ್ಳಾರಿಗೆ ಲಾರಿ ಬಾಡಿಗೆ 22,000. ಒಂದು ಲಕ್ಷ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ‘ಕಿಟ್’ ಎಂಬ ಆ ಒಂದು ಪದಕ್ಕಾಗಿ ತೆತ್ತದ್ದು. ನಿಮ್ಮ ಮಾಲಿನ ವರ್ಗೀಕರಣದ ಬಗ್ಗೆ ನಿಜಕ್ಕೂ ಗೊಂದಲವಿದ್ದರೆ ತರಿಸುವ ಮೊದಲೇ ಕೇಳುವ ದಾರಿಯೂ ಇದೆ. ದೆಹಲಿ ಮತ್ತು ಮುಂಬೈನಲ್ಲಿ ಕಸ್ಟಮ್ಸ್‌ನ ಮುಂಗಡ ತೀರ್ಪು ಪ್ರಾಧಿಕಾರಗಳಿವೆ. ಶುಲ್ಕ 10,000 ರೂಪಾಯಿ. ಅವರು ಕೊಟ್ಟ ತೀರ್ಪಿಗೆ ಇಲಾಖೆಯೂ ಬದ್ಧ. ನನಗೆ ಇದು ತಿಳಿದದ್ದು ಜುಲೈ ಕೊನೆಯಲ್ಲಿ.

ಆಗಸ್ಟ್ 3ರ ನಸುಕಿನಲ್ಲಿ ಲಾರಿ ಶೆಡ್ ಮುಂದೆ ನಿಂತಿತು. ಪೆಟ್ಟಿಗೆ ಬಿಚ್ಚಿದಾಗ 11 ಗಾಜು ಒಡೆದಿದ್ದವು. ಮಾರಾಟಗಾರರು ಮಾಡಿಸಿದ ವಿಮೆ ಚೆನ್ನೈ ಬಂದರಿಗೇ ಮುಗಿದಿತ್ತು. ನಿಮ್ಮ ವಿಮೆ ನಿಮ್ಮ ಊರಿನ ಬಾಗಿಲವರೆಗೆ ಇರುವಂತೆ ನೋಡಿಕೊಳ್ಳಿ. ಬ್ಯಾಂಕಿಗೂ ಬಿಲ್ ಆಫ್ ಎಂಟ್ರಿಯ ಪ್ರತಿ ತಪ್ಪದೆ ಒಪ್ಪಿಸಿ. ಮುಂಗಡ ಕಳಿಸಿದ ಹಣಕ್ಕೆ ಮಾಲು ಬಂದಿದೆ ಎಂದು ಅವರ ಲೆಕ್ಕದಲ್ಲಿ ದಾಖಲಾಗದಿದ್ದರೆ ಮುಂದಿನ ಸಲ ಹಣ ಕಳಿಸಲು ತೊಡಕಾಗುತ್ತದೆ.

ಜೋಡಿಸಿದ ಮಾತ್ರಕ್ಕೆ ಮಾರುವಂತಿಲ್ಲ. ಟಿವಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಬೇಕು. ಅವರು ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಬೇಕು, ಆ ನೋಂದಣಿ ನಮ್ಮ ಶೆಡ್‌ನ ವಿಳಾಸಕ್ಕೇ ಸಿಗಬೇಕು. ಇ-ತ್ಯಾಜ್ಯದ 2022ರ ನಿಯಮಗಳಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲೂ ನೋಂದಣಿ ಆಗಬೇಕು. ಆ ಎರಡಕ್ಕೆ ಸೆಪ್ಟೆಂಬರ್ ಪೂರ್ತಿ ಹೋಯಿತು. ಅದೇ ತಿಂಗಳ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆದ್ದರಿಂದ ಮುಂದಿನ ಕಂತಿಗೆ 43 ಇಂಚಿನ ಗಾಜು ನೋಡುತ್ತಿದ್ದೇನೆ. ಈ ಬಾರಿ ಪೆಟ್ಟಿಗೆಯ ಚೀಟಿಯ ಮೇಲಿನ ಬರಹವನ್ನು ನಾನೇ ಬರೆದು ಕಳಿಸಿದ್ದೇನೆ.

ಮೊದಲ ಸೆಟ್ ಜೋಡಿಸಿ ಮುಗಿಸಿದ್ದು ಆಗಸ್ಟ್ 9ರ ಸಂಜೆ. ಪರೀಕ್ಷೆಗೆ ಕಳಿಸುವ ಮುನ್ನ ಒಮ್ಮೆ ಶೆಡ್ಡಿನಲ್ಲೇ ಹಚ್ಚಿದೆ. ಅಮ್ಮನನ್ನು ಆಟೊದಲ್ಲಿ ಕರೆತಂದಿದ್ದೆ. ಚಂದನ ವಾಹಿನಿ ಹಾಕಿದೆ. ಅಮ್ಮ ಹತ್ತಿರ ಹೋಗಿ ಪರದೆಯ ಅಂಚನ್ನು ಸೆರಗಿನಿಂದ ಒರೆಸಿ, ಕುರ್ಚಿ ಎಳೆದುಕೊಂಡು ಕೂತರು. ವಾರ್ತೆ ಮುಗಿಯುವವರೆಗೆ ಏಳಲಿಲ್ಲ.